ಹೊಳೆನರಸೀಪುರದ ಎರಡು ಮನೆ, ನಡುವೆ ನಮ್ಮ ಕಮಲ

ಹಾಸನದ ಚುನಾವಣೆ ಪಕ್ಷಗಳ ಜಗಳ ಅಂದುಕೊಂಡವರು ಒಮ್ಮೆ ಹೊಳೆನರಸೀಪುರದ ಇತಿಹಾಸ ನೋಡಬೇಕು. ಅಲ್ಲಿರುವುದು ಎರಡು ಮನೆಗಳ ಜಗಳ! 1962ರಲ್ಲಿ ಪಕ್ಷೇತರರಾಗಿ ಗೆದ್ದು ಬಂದ ದೇವೇಗೌಡರನ್ನು 1989ರಲ್ಲಿ ಅದೇ ಕ್ಷೇತ್ರದಲ್ಲಿ ಸೋಲಿಸಿದ್ದು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರು. ಮುಂದೆ ದೇವೇಗೌಡರು ಪ್ರಧಾನಿಯೂ ಆದರು. ಆದರೇನು, 1999ರ ಲೋಕಸಭಾ ಚುನಾವಣೆಯಲ್ಲಿ ಹಾಸನದಲ್ಲಿ ಅವರನ್ನು ಮತ್ತೆ ಸೋಲಿಸಿದ್ದು ಇದೇ ಪುಟ್ಟಸ್ವಾಮಿಗೌಡರೇ. 2024ರಲ್ಲಿ ಎದುರುಬದುರಾದವರು ಮೊಮ್ಮಕ್ಕಳು: ಪ್ರಜ್ವಲ್ ರೇವಣ್ಣ, ಶ್ರೇಯಸ್ ಪಟೇಲ್.

ಇದರಲ್ಲಿ ನಮ್ಮ ಬಿಜೆಪಿ ಎಲ್ಲಿತ್ತು? ಅರಕಲಗೂಡಿನ ಎ. ಮಂಜು 1999ರಲ್ಲಿ ಬಿಜೆಪಿ ಶಾಸಕರು, ಆಮೇಲೆ ಕಾಂಗ್ರೆಸ್ ಮಂತ್ರಿ, 2019ರಲ್ಲಿ ಬಿಜೆಪಿಯ ಲೋಕಸಭಾ ಅಭ್ಯರ್ಥಿ, 2023ರಲ್ಲಿ ಜೆಡಿಎಸ್ ಶಾಸಕರು. ಸಿದ್ಧಾಂತ ಯಾವುದು ಅಂತ ಮಾತ್ರ ಕೇಳಬೇಡಿ :) ಚನ್ನರಾಯಪಟ್ಟಣದ ಕಡೆಯಂತೂ (ಶ್ರವಣಬೆಳಗೊಳ ಕ್ಷೇತ್ರ) 2013ರಿಂದ ಮೂರು ಸಲವೂ ಜೆಡಿಎಸ್ಸೇ. ಆದರೂ 2018ರಲ್ಲಿ ಹಾಸನದಲ್ಲಿ ಪ್ರೀತಂ ಗೌಡ ಗೆದ್ದರು. 2023ರಲ್ಲಿ ಅವರು ಸೋತರೂ ಬೇಲೂರು, ಸಕಲೇಶಪುರ ನಮ್ಮದಾದವು. ಬೇರು ಬಿಡುತ್ತಿತ್ತು..

ಅಷ್ಟರಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಜೆಡಿಎಸ್ ಎನ್‌ಡಿಎ ಸೇರಿತು. ಹಾಸನ ಅವರ ಪಾಲಾಯಿತು. 2007ರಲ್ಲಿ ಅಧಿಕಾರ ಬಿಟ್ಟುಕೊಡದೆ ಕೈಕೊಟ್ಟವರ ಜತೆ ಮತ್ತೆ ಕೂಡಿಕೆ! ಹೋಗಲಿ, ದೆಹಲಿಯ ಲೆಕ್ಕ ಅಂತ ಒಪ್ಪೋಣ. ಆದರೆ ಕಾಂಗ್ರೆಸ್ಸಿನ ವಂಶಾಡಳಿತವನ್ನು ಬೈದುಕೊಂಡೇ ಬೆಳೆದ ನಮ್ಮ ಕಾರ್ಯಕರ್ತ ಇಲ್ಲಿ ಮೂರನೇ ತಲೆಮಾರಿಗೆ ಮತ ಕೇಳಬೇಕಾಯಿತು. ಅದೂ ಎಂಥವರಿಗೆ? 2025ರ ಆಗಸ್ಟಿನಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸಂಸ್ಕೃತಿ, ಹೆಣ್ಣುಮಕ್ಕಳ ಮಾನ ಅಂತ ಭಾಷಣ ಮಾಡುವವರು ನಾವು! ಶ್ರೇಯಸ್ 42 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಆ ಸೋಲು ನನಗೇನೂ ನೋವು ಕೊಡಲಿಲ್ಲ, ಕ್ಷೇತ್ರ ಬಿಟ್ಟುಕೊಟ್ಟ ದಿನವೇ ಕೊಟ್ಟಿತ್ತು.