ಯಂತ್ರ ನಿಮ್ಮದು, ಬೀಗದ ಕೈ ಯಾರದು?

ಹಣ ಕೊಟ್ಟು ಸೈಕಲ್ ಕೊಂಡವರು ಅದರ ಸೀಟನ್ನು ಎತ್ತರಿಸಬಹುದು, ಹಿಂದೆ ಕ್ಯಾರಿಯರ್ ಹಾಕಿಸಬಹುದು, ಕೆಟ್ಟರೆ ಯಾವ ಅಂಗಡಿಗೆ ಬೇಕಾದರೂ ಒಯ್ಯಬಹುದು. ಕ್ಯಾರಿಯರ್ ಹಾಕಿಸಲು ನಮ್ಮ ಅಪ್ಪಣೆ ಪಡೆದಿರಾ ಎಂದು ಸೈಕಲ್ ಕಂಪನಿಯವರು ಕೇಳುವುದಿಲ್ಲ. ಆದರೆ ಕಂಪ್ಯೂಟರ್, ಮೊಬೈಲ್ ಫೋನ್, ವಿಡಿಯೋ ಗೇಮ್ ಯಂತ್ರಗಳ ವಿಷಯದಲ್ಲಿ ಇಂಥ ಅಪ್ಪಣೆ ಬೇಕಾಗುವ ಸಂದರ್ಭಗಳು ಹೆಚ್ಚುತ್ತಿವೆ. ಇದು ಹೇಗಾಯಿತು? ವಿದ್ಯಾರ್ಥಿ ಮಿತ್ರರೇ, ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪ್ರತಿಯೊಂದು ಕಂಪ್ಯೂಟರಿನಲ್ಲೂ ಅಧಿಕಾರದ ಮೆಟ್ಟಿಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲನ್ನು ವಿಂಡೋಸ್‌ನಲ್ಲಿ ‘ಅಡ್ಮಿನಿಸ್ಟ್ರೇಟರ್’ ಎಂದೂ ಯುನಿಕ್ಸ್ ಬಳಗದಲ್ಲಿ ‘ರೂಟ್’ ಎಂದೂ ಕರೆಯುತ್ತಾರೆ. ಯಾವ ತಂತ್ರಾಂಶ ಇರಬೇಕು, ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸುವವರು ಈ ಸ್ಥಾನದಲ್ಲಿ ಇರುವವರು. ಕಾಲೇಜಿನ ಪ್ರಯೋಗಾಲಯದಲ್ಲಿ ಈ ಅಧಿಕಾರ ನಿಮಗಿರುವುದಿಲ್ಲ. ಅದು ಸರಿಯೇ, ಏಕೆಂದರೆ ಆ ಯಂತ್ರ ಕಾಲೇಜಿನದು. ಹಾಗಾದರೆ ನಿಮ್ಮ ಹಣದಲ್ಲೇ ಕೊಂಡ ಯಂತ್ರದಲ್ಲಿ ಅದು ಯಾರದಾಗಿರಬೇಕು?

ಬಾಡಿಗೆಯ ಕಾಲ

ಐವತ್ತರ ದಶಕದ ಆರಂಭದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಐಬಿಎಂ ಕಂಪನಿ ತನ್ನ ಯಂತ್ರಗಳನ್ನು ಮಾರುತ್ತಿರಲಿಲ್ಲ. ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ರಿಪೇರಿಯೂ ಅದರದೇ. 1952ರಲ್ಲಿ ಅಮೆರಿಕ ಸರ್ಕಾರ ಏಕಸ್ವಾಮ್ಯದ ಆರೋಪದ ಮೇಲೆ ಮೊಕದ್ದಮೆ ಹೂಡಿತು. 1956ರ ರಾಜಿ ಒಪ್ಪಂದದ ಪ್ರಕಾರ ಐಬಿಎಂ ತನ್ನ ಯಂತ್ರಗಳನ್ನು ಮಾರಾಟಕ್ಕೂ ಇಡಬೇಕಾಯಿತು, ಬಿಡಿಭಾಗಗಳನ್ನು ಹೊರಗಿನ ದುರಸ್ತಿಗಾರರಿಗೂ ಒದಗಿಸಬೇಕಾಯಿತು. ಯಂತ್ರವನ್ನು ಕೊಳ್ಳುವವನಿಗೆ ಅದರ ಮೇಲೆ ಹಿಡಿತವೂ ಸಿಗಬೇಕು ಎಂಬ ವಿಚಾರ ಕಂಪ್ಯೂಟರ್ ಯುಗದ ಬಾಗಿಲಲ್ಲೇ ಹುಟ್ಟಿತೆಂಬುದನ್ನು ಗಮನಿಸಿ.

ಭಾರತಕ್ಕೂ ಈ ಅನುಭವ ಹೊಸದಲ್ಲ. ನಮ್ಮಲ್ಲೂ ಐಬಿಎಂ 1401 ಮಾದರಿಯ ಯಂತ್ರಗಳು ಬಾಡಿಗೆಯ ಮೇಲೆ ಓಡುತ್ತಿದ್ದವು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಂತೆ ಬಂಡವಾಳದ ಪಾಲನ್ನು ಇಳಿಸಲು ಒಪ್ಪದೆ ಆ ಕಂಪನಿ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆಯಾದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ನಿನ ಮೇಲೆ ಬಿತ್ತು. ನಮ್ಮ ಎಂಜಿನಿಯರುಗಳು ಆ ಕೆಲಸವನ್ನು ನಿಭಾಯಿಸಿದರು. ತಯಾರಕರು ಹೊರಟುಹೋದ ಮೇಲೂ ಯಂತ್ರ ನಡೆಯಬೇಕಾದರೆ ಅದರ ಒಳಗುಟ್ಟು ಬೇರೆಯವರಿಗೂ ತಿಳಿದಿರಬೇಕು ಎಂಬುದು ಆಗಲೇ ಸಿಕ್ಕಿದ ಪಾಠ.

ತೆರೆದ ಪುಸ್ತಕ

ಎಪ್ಪತ್ತರ ದಶಕದ ಕೊನೆಯಲ್ಲಿ ಮನೆಗಳಿಗೆ ಬಂದ ಕಂಪ್ಯೂಟರುಗಳ ಸ್ವಭಾವವೇ ಬೇರೆ. 1977ರ ಆಪಲ್ II ಯಂತ್ರದ ಮುಚ್ಚಳವನ್ನು ಕೈಯಿಂದಲೇ ತೆಗೆಯಬಹುದಿತ್ತು. ಒಳಗೆ ಹೊಸ ಕಾರ್ಡುಗಳನ್ನು ಸಿಕ್ಕಿಸಲು 8 ಸ್ಥಾನಗಳಿದ್ದವು. ಅದರ ಕೈಪಿಡಿಯಲ್ಲಿ ವಿದ್ಯುನ್ಮಂಡಲದ ನಕ್ಷೆಯನ್ನೇ ಅಚ್ಚು ಹಾಕಿದ್ದರು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿ.ಸಿ.ಯ ತಾಂತ್ರಿಕ ಕೈಪಿಡಿಯಲ್ಲೂ ನಕ್ಷೆಗಳಿದ್ದವು. ಯಂತ್ರವನ್ನು ಎಬ್ಬಿಸುವ ‘ಬಯಾಸ್’ ತಂತ್ರಾಂಶದ ಪೂರ್ಣ ಪಾಠವೂ ಇತ್ತು. ಮಾಲೀಕ ಏನನ್ನು ಹಾಕಿದರೂ ಆ ಯಂತ್ರ ಬೇಡವೆನ್ನುತ್ತಿರಲಿಲ್ಲ.

ಇದರ ಫಲವೇನು? ಎರಡು ಉದಾಹರಣೆ ಸಾಕು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ 386 ಪಿ.ಸಿ.ಯಲ್ಲಿ ಹೊಸದೊಂದು ಕಾರ್ಯಾಚರಣೆ ವ್ಯವಸ್ಥೆಯನ್ನೇ ಬರೆಯತೊಡಗಿದ. ಅದೇ ಲಿನಕ್ಸ್. ಇಂದು ಆಂಡ್ರಾಯ್ಡ್ ಫೋನುಗಳ ತಿರುಳೂ ಅದೇ. ಆತ ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ.

ಎರಡನೆಯದು ನಮ್ಮ ಕನ್ನಡದ್ದೇ. 2001ರ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ವಿಂಡೋಸ್‌ನೊಳಗೆ ಕನ್ನಡ ಇರಲಿಲ್ಲ. ಆದರೂ ಕನ್ನಡಿಗರು ಕಾಯುತ್ತ ಕೂರಲಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂತು. ಬೇಕಾದವರು ತಮ್ಮ ಯಂತ್ರಕ್ಕೆ ಅದನ್ನು ಹಾಕಿಕೊಂಡು ಕನ್ನಡ ಬರೆದರು. ಇದರ ಎದುರಿಗೆ 2007ರಲ್ಲಿ ಬಂದ ಐಫೋನನ್ನು ಇಟ್ಟು ನೋಡಿ. ಅದರಲ್ಲಿ ಹೊರಗಿನವರ ಕೀಲಿಮಣೆಯನ್ನು ಹಾಕಿಕೊಳ್ಳಲು ಆಪಲ್ ಅವಕಾಶ ಕೊಟ್ಟದ್ದು 2014ರಲ್ಲಿ. ಮಾಲೀಕನಿಗೆ ಅಧಿಕಾರವಿದ್ದಾಗ ಸಣ್ಣ ಭಾಷೆಗಳು ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳುತ್ತವೆ. ಇಲ್ಲದಾಗ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಬೀಗ ಬಂದದ್ದು ಹೇಗೆ?

ಬೀಗದ ಮೊದಲ ಪ್ರಸಿದ್ಧ ಉದಾಹರಣೆ ಆಟದ ಯಂತ್ರದ್ದು. 1983ರ ಸುಮಾರಿಗೆ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕಳಪೆ ಆಟಗಳ ಹಾವಳಿಯಿಂದ ಕುಸಿದುಬಿತ್ತು. 1985ರಲ್ಲಿ ಅಲ್ಲಿಗೆ ಕಾಲಿಟ್ಟ ಜಪಾನಿನ ನಿಂಟೆಂಡೊ ಕಂಪನಿ ಎಚ್ಚರ ವಹಿಸಿತು. ಯಂತ್ರದಲ್ಲೊಂದು, ಆಟದ ಕಾರ್ಟ್ರಿಜ್‌ನಲ್ಲೊಂದು ಪುಟ್ಟ ಚಿಪ್ ಇಟ್ಟಿತು. ಎರಡೂ ಪರಸ್ಪರ ಗುರುತು ಹಿಡಿಯದಿದ್ದರೆ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಆಟ ಮುಂದುವರಿಯುತ್ತಿರಲಿಲ್ಲ. ಗುಣಮಟ್ಟ ಕಾಯುವ ನೆಪವೂ ಇತ್ತು, ಆಟ ತಯಾರಿಸುವ ಪ್ರತಿಯೊಬ್ಬರೂ ತನ್ನ ಬಾಗಿಲಿಗೇ ಬರಬೇಕೆಂಬ ಲೆಕ್ಕಾಚಾರವೂ ಇತ್ತು.

ಆಮೇಲೆ ಚಿಪ್ಪಿನ ಜಾಗಕ್ಕೆ ಗಣಿತ ಬಂತು. ಇದನ್ನು ‘ಡಿಜಿಟಲ್ ಸಹಿ’ ಎನ್ನುತ್ತಾರೆ. ಇದಕ್ಕೆ ಒಂದಕ್ಕೊಂದು ಸಂಬಂಧವಿರುವ ಎರಡು ಸಂಖ್ಯೆಗಳು ಬೇಕು. ಗುಟ್ಟಿನ ಸಂಖ್ಯೆ ತಯಾರಕರ ಬಳಿ ಇರುತ್ತದೆ. ಅದರಿಂದ ತಂತ್ರಾಂಶಕ್ಕೆ ಸಹಿ ಬೀಳುತ್ತದೆ. ಬಹಿರಂಗ ಸಂಖ್ಯೆ ಯಂತ್ರದೊಳಗಿರುತ್ತದೆ. ಅದು ಸಹಿಯನ್ನು ಪರೀಕ್ಷಿಸಬಲ್ಲದೇ ಹೊರತು ಹೊಸ ಸಹಿ ಹಾಕಲಾರದು. ಸ್ವಿಚ್ ಒತ್ತಿದ ಕ್ಷಣದಿಂದ ಪ್ರತಿ ಹಂತದಲ್ಲೂ ಸಹಿ ನೋಡಿಯೇ ಯಂತ್ರ ಮುಂದಿನ ತಂತ್ರಾಂಶವನ್ನು ಒಳಗೆ ಬಿಡುತ್ತದೆ. ಯಂತ್ರ ನಿಮ್ಮ ಮೇಜಿನ ಮೇಲಿದ್ದರೂ ‘ಒಳಗೆ ಬಾ’ ಎನ್ನುವ ಅಧಿಕಾರ ಗುಟ್ಟಿನ ಸಂಖ್ಯೆ ಇರುವವರದು.

ಕೊಟ್ಟದ್ದನ್ನು ಹಿಂದಕ್ಕೆ ಪಡೆದ ಕಥೆ

2006ರ ನವೆಂಬರಿನಲ್ಲಿ ಸೋನಿ ಕಂಪನಿ ಪ್ಲೇಸ್ಟೇಷನ್ 3 ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆಟ ಆಡುವುದರ ಜೊತೆಗೆ ಲಿನಕ್ಸ್‌ನಂಥ ಬೇರೆ ವ್ಯವಸ್ಥೆಯನ್ನು ಹಾಕಿಕೊಳ್ಳುವ ಸೌಲಭ್ಯವನ್ನೂ ಕಂಪನಿಯೇ ಕೊಟ್ಟಿತ್ತು. ಅದರ ‘ಸೆಲ್’ ಪ್ರೊಸೆಸರ್ ಲೆಕ್ಕ ಮಾಡುವುದರಲ್ಲಿ ಬಲು ಚುರುಕು. ಹಾಗಾಗಿ ವಿಜ್ಞಾನಿಗಳಿಗೆ ಇದು ಅಗ್ಗದ ಸೂಪರ್ ಕಂಪ್ಯೂಟರಿನಂತೆ ಕಂಡಿತು. ಅಮೆರಿಕದ ಡಾರ್ಟ್‌ಮತ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಗೌರವ್ ಖನ್ನಾ ಈ ಯಂತ್ರಗಳನ್ನು ಜೋಡಿಸಿ ಕಪ್ಪುರಂಧ್ರಗಳ ಲೆಕ್ಕಾಚಾರ ನಡೆಸಿದರು. ಅಲ್ಲಿನ ವಾಯುಪಡೆಯ ಸಂಶೋಧನಾಲಯ 1,760 ಯಂತ್ರಗಳನ್ನು ಜೋಡಿಸಿ 2010ರಲ್ಲಿ ‘ಕಾಂಡರ್’ ಎಂಬ ಗಣಕ ಸಮೂಹವನ್ನೇ ಕಟ್ಟಿತು.

2009ರಲ್ಲಿ ಬಂದ ತೆಳು ಮಾದರಿಯಲ್ಲಿ ಸೋನಿ ಈ ಸೌಲಭ್ಯವನ್ನು ಕೈಬಿಟ್ಟಿತು. ಹೊಸ ಮಾದರಿಯಲ್ಲಿ ಏನಿರಬೇಕು ಎನ್ನುವುದು ಅವರ ಇಷ್ಟ ಎನ್ನೋಣ. ಆದರೆ 2010ರ ಏಪ್ರಿಲ್ 1ರಂದು ಬಂದ 3.21 ಎಂಬ ಪರಿಷ್ಕರಣೆ, ಜನ ಆಗಲೇ ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ಯಂತ್ರಗಳಿಂದಲೂ ಅದನ್ನು ಕಿತ್ತುಹಾಕಿತು. ಸೋನಿ ಕೊಟ್ಟ ಕಾರಣ ಭದ್ರತೆ. ಪರಿಷ್ಕರಣೆ ಬೇಡವೆನ್ನುವ ಸ್ವಾತಂತ್ರ್ಯವೇನೋ ಇತ್ತು. ಆದರೆ ಹಾಗೆಂದವರಿಗೆ ಸೋನಿಯ ಜಾಲದಲ್ಲಿ ಇತರರೊಡನೆ ಆಡುವ ಅವಕಾಶ ತಪ್ಪಿತು. ಕೊಳ್ಳುವಾಗ ಎರಡೂ ಇದ್ದ ಯಂತ್ರದಲ್ಲಿ ಈಗ ಒಂದನ್ನು ಆರಿಸಿಕೊಳ್ಳಬೇಕಾಯಿತು. ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ಪ್ರಕರಣ ಹಲವು ವರ್ಷ ಎಳೆದು ಕಡೆಗೆ ರಾಜಿಯಲ್ಲಿ ಮುಗಿಯಿತು.

ಮುಂದಿನ ಘಟನೆ ಗಣಿತದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ತರುಣರ ಒಂದು ತಂಡ ಈ ಯಂತ್ರದ ಬೀಗ ಬಿಚ್ಚಿಕೊಂಡ ಬಗೆಯನ್ನು ವಿವರಿಸಿತು. ಸೋನಿ ಬಳಸಿದ ಸಹಿಯ ವಿಧಾನದಲ್ಲಿ ಪ್ರತಿ ಸಹಿಗೂ ಊಹೆಗೆ ನಿಲುಕದ ಹೊಸ ಸಂಖ್ಯೆಯೊಂದು ಬೇಕು. ಸೋನಿ ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ಹಾಕಿತ್ತು! ಆಗ ಎರಡು ಸಹಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡು ಸಮೀಕರಣಗಳು ಸಿಗುತ್ತವೆ; ಅಜ್ಞಾತಗಳೂ ಎರಡೇ. ಬಿಡಿಸಿದರೆ ಗುಟ್ಟಿನ ಸಂಖ್ಯೆ ಹೊರಬೀಳುತ್ತದೆ. 2011ರ ಜನವರಿಯಲ್ಲಿ ಜಾರ್ಜ್ ಹಾಟ್ಜ್ ಎಂಬ ಅಮೆರಿಕನ್ ತರುಣ ಇನ್ನೂ ಒಂದು ಮುಖ್ಯ ಕೀಲಿಯನ್ನು ಪ್ರಕಟಿಸಿದಾಗ ಸೋನಿ ಆತನ ಮೇಲೆ ದಾವೆ ಹೂಡಿತು. ಅದೂ ಕೆಲವು ತಿಂಗಳಲ್ಲೇ ರಾಜಿಯಾಯಿತು.

ಕಾನೂನಿನ ಮಾತು

ತನ್ನ ಯಂತ್ರದ ಬೀಗವನ್ನು ತಾನೇ ತೆಗೆದವನ ಮೇಲೆ ಮೊಕದ್ದಮೆ ಹೇಗೆ ಸಾಧ್ಯ? 1998ರಲ್ಲಿ ಅಮೆರಿಕ ಮಾಡಿದ ಡಿಜಿಟಲ್ ಕೃತಿಸ್ವಾಮ್ಯದ ಕಾನೂನು, ಕೃತಿಯನ್ನು ಕಾಯುವ ಡಿಜಿಟಲ್ ಬೀಗವನ್ನು ಒಡೆಯುವುದನ್ನೇ ತಪ್ಪೆಂದು ಸಾರಿತು. ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಪರಿಶೀಲಿಸುವ ಏರ್ಪಾಡು ಅದರಲ್ಲಿದೆ. ಹಾಗೆ 2010ರಲ್ಲಿ ಫೋನಿಗೆ, 2015ರಲ್ಲಿ ಟ್ರ್ಯಾಕ್ಟರಿಗೆ ವಿನಾಯಿತಿ ಸಿಕ್ಕಿತು. ಟ್ರ್ಯಾಕ್ಟರಿಗೂ ಬೇಕಾಯಿತೇ ಎಂದು ಹುಬ್ಬೇರಿಸಬೇಡಿ. ಈಗಿನ ಟ್ರ್ಯಾಕ್ಟರಿನ ಎಂಜಿನ್ನನ್ನು ನಡೆಸುವುದೂ ತಂತ್ರಾಂಶವೇ. ಅದಕ್ಕೆ ಬೀಗವಿದ್ದರೆ ರೈತ ರಿಪೇರಿಗೂ ಕಂಪನಿಯ ಕಡೆಯವರಿಗಾಗಿ ಕಾಯಬೇಕು.

ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ವಿಧಿ ಸೇರಿತು. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಅಪರಾಧ, ಎರಡು ವರ್ಷದವರೆಗೆ ಸೆರೆವಾಸ. ಆದರೆ ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಹಾಗೆ ಮಾಡುವುದನ್ನು ಈ ವಿಧಿ ತಡೆಯುವುದಿಲ್ಲ. ಕೈಯಲ್ಲಿ ಏನಿತ್ತು ಎಂಬುದಕ್ಕಿಂತ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನಮ್ಮ ಕಾನೂನು ಕೇಳುತ್ತದೆ.

ಒಂದೇ ದಿನ, ಎರಡು ನೀತಿ

ಹಾಗೆಂದು ಬೀಗವೇ ಕೆಟ್ಟದ್ದೆನ್ನಲಾಗದು. ವೈರಸ್ ಒಂದು ಕಾರ್ಯಾಚರಣೆ ವ್ಯವಸ್ಥೆಗಿಂತ ಮೊದಲೇ ಎದ್ದು ಕೂತರೆ ಅದನ್ನು ಕಂಡುಹಿಡಿಯುವುದೇ ಕಷ್ಟ. ಸಹಿಯಿಲ್ಲದ್ದನ್ನು ಎಬ್ಬಿಸದ ‘ಸೆಕ್ಯೂರ್ ಬೂಟ್’ ಇದಕ್ಕೆ ನಿಜವಾದ ಮದ್ದು. 2012ರ ಅಕ್ಟೋಬರ್ 26ರಂದು ಮೈಕ್ರೋಸಾಫ್ಟ್ ಕಂಪನಿ ಇದನ್ನು ಎರಡು ಬಗೆಯ ಯಂತ್ರಗಳೊಂದಿಗೆ ಹೊರತಂದಿತು. ವಿಂಡೋಸ್ 8ರ ಮುದ್ರೆ ಬೇಕಾದ ಸಾಮಾನ್ಯ ಪಿ.ಸಿ.ಗಳಲ್ಲಿ ಮಾಲೀಕ ಈ ಬೀಗವನ್ನು ತೆಗೆದಿಡಲು ಅವಕಾಶವಿರಲೇಬೇಕು ಎಂದಿತು. ಎಆರ್‌ಎಂ ಪ್ರೊಸೆಸರಿನ ವಿಂಡೋಸ್ ಆರ್‌ಟಿ ಯಂತ್ರಗಳಲ್ಲಿ ಅಂಥ ಅವಕಾಶ ಇರಲೇಕೂಡದು ಎಂದಿತು. ಬೀಗ ಒಂದೇ, ಕಂಪನಿಯೂ ಒಂದೇ.

ಪರಿಣಾಮ ನೋಡಿ. ಆರ್‌ಟಿಯ ಬೆಂಬಲ 2023ರ ಜನವರಿಯಲ್ಲಿ ನಿಂತುಹೋಯಿತು. ಬೇರೆ ವ್ಯವಸ್ಥೆ ಹಾಕಿಕೊಳ್ಳುವ ದಾರಿಯನ್ನು ಕಂಪನಿ ಇಟ್ಟಿರದ ಕಾರಣ ಯಂತ್ರ ಚೆನ್ನಾಗಿದ್ದರೂ ಅದರ ಆಯುಷ್ಯ ಮುಗಿದಂತೆಯೇ. ಅದೇ ಕಾಲದ ಸಾಮಾನ್ಯ ಪಿ.ಸಿ.ಗಳ ಮೇಲೆ ಇಂದಿಗೂ ಲಿನಕ್ಸ್ ಓಡುತ್ತದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗಲೂ ಹಳೆಯ ಪಿ.ಸಿ. ಇದ್ದವರಿಗೆ ಈ ದಾರಿ ಉಳಿದಿತ್ತು. ಆದರೆ 2015ರಿಂದೀಚೆಗೆ ಪಿ.ಸಿ.ಗಳಲ್ಲೂ ಬೀಗ ತೆಗೆಯುವ ಅವಕಾಶ ಕಡ್ಡಾಯವಲ್ಲ; ಅದು ತಯಾರಕರ ಇಚ್ಛೆಗೆ ಬಿಟ್ಟದ್ದು.

ಭದ್ರತೆಯೂ ಮಾಲೀಕತ್ವವೂ ಒಟ್ಟಿಗೆ ಇರಲಾರವೇ? ಇರಬಲ್ಲವು ಎನ್ನಲು ಗೂಗಲ್‌ನ ನೆಕ್ಸಸ್ ಫೋನುಗಳೇ ಸಾಕ್ಷಿ. ಅವುಗಳ ಬೀಗವನ್ನು ಮಾಲೀಕ ತೆಗೆಯಬಹುದಿತ್ತು. ತೆಗೆದೊಡನೆ ಫೋನಿನಲ್ಲಿದ್ದ ಮಾಹಿತಿಯೆಲ್ಲ ಅಳಿಸಿಹೋಗುತ್ತಿತ್ತು. ಹಾಗಾಗಿ ಕದ್ದವನು ಬೀಗ ತೆಗೆದರೆ ಅವನಿಗೆ ನಿಮ್ಮ ಪತ್ರಗಳೂ ಚಿತ್ರಗಳೂ ಸಿಗುವುದಿಲ್ಲ. ತಿಳಿದು ತೆಗೆದ ಮಾಲೀಕನಿಗೆ ಮಾತ್ರ ಯಂತ್ರ ಪೂರ್ತಿ ಅವನದಾಗುತ್ತದೆ.

ಮುಂದೆ ನೀವು ಕಂಪ್ಯೂಟರನ್ನೋ ಫೋನನ್ನೋ ಕೊಳ್ಳುವಾಗ ಬೆಲೆ, ಮೆಮೊರಿ, ಕ್ಯಾಮೆರಾಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಇದರ ಬೀಗವನ್ನು ನಾನು ತೆಗೆಯಬಹುದೇ? ಕಂಪನಿ ಬೆಂಬಲ ನಿಲ್ಲಿಸಿದ ಮೇಲೆ ಇದರಲ್ಲಿ ಬೇರೆ ತಂತ್ರಾಂಶ ಹಾಕಬಹುದೇ? ಅಂಗಡಿಯವರಿಗೆ ಉತ್ತರ ತಿಳಿದಿರದೆ ಹೋಗಬಹುದು. ಆದರೂ ಕೇಳಿ, ಕೇಳುವವರು ಹೆಚ್ಚಾದಾಗಲೇ ಉತ್ತರ ಹೇಳುವವರೂ ಸಿದ್ಧರಾಗುತ್ತಾರೆ. ಮನೆಯ ಮೂಲೆಯಲ್ಲಿ ಹಳೆಯ ಪಿ.ಸಿ. ಇದ್ದರೆ, ಹಿರಿಯರನ್ನು ಕೇಳಿ, ಅದರಲ್ಲಿರುವ ಕಡತಗಳನ್ನು ಬೇರೆಡೆ ಉಳಿಸಿಕೊಂಡು ಲಿನಕ್ಸ್ ಹಾಕಿ ನೋಡಿ. ಒಮ್ಮೆ ಕೆಡಬಹುದು, ಮತ್ತೆ ಮಾಡಿ. ಹೆಲ್ಸಿಂಕಿಯ ಆ ವಿದ್ಯಾರ್ಥಿ ಕಲಿತದ್ದೂ ಹಾಗೆಯೇ, ತನ್ನದೇ ಆದ ಒಂದು ಯಂತ್ರದ ಮುಂದೆ ಕುಳಿತು.