ಹೆಸರಿಲ್ಲದ ಸಭೆ, ಹೆಸರು ಹಿಡಿದು ಕರೆಯುವ ಸಭೆ

ಉಜಿರೆಯಿಂದ ಘಟ್ಟದ ಕಡೆಗೆ ಹೊರಟ ಸಂಜೆಯ ಬಸ್ಸು ಮುಂಡಾಜೆ, ಕಕ್ಕಿಂಜೆ ದಾಟಿ ಚಾರ್ಮಾಡಿಗೆ ಬರುವಷ್ಟರಲ್ಲಿ ಯಾರು ಎಲ್ಲಿ ಇಳಿದರು, ಯಾರ ಹೆಜ್ಜೆ ತಪ್ಪುತ್ತಿತ್ತು ಎಂಬುದೆಲ್ಲ ಊರಿಗೆ ಗೊತ್ತಾಗಿರುತ್ತದೆ. ಇಂಥ ಕಡೆ ಗುಟ್ಟಾಗಿ ಕುಡಿಯುವುದು ಕಷ್ಟ. ಗುಟ್ಟಾಗಿ ಬಿಡುವುದು ಇನ್ನೂ ಕಷ್ಟ. ಆದರೆ ಕುಡಿತ ಬಿಟ್ಟವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಆಸರೆಯಾಗುವ ಪದ್ಧತಿ ಜಗತ್ತಿನಲ್ಲಿ ಬೆಳೆದದ್ದು ಗುಟ್ಟಿನ ಆಧಾರದ ಮೇಲೆಯೇ.

ಅದರ ಆರಂಭ 1935ರ ಮೇ ತಿಂಗಳಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಅಲ್ಲಿಗೆ ಬಂದ ಕೆಲಸ ಕೆಟ್ಟು ಹೋಟೆಲಿನಲ್ಲಿ ಒಂಟಿಯಾಗಿದ್ದರು. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ದೂರವಾಣಿ. ಅವರು ದೂರವಾಣಿಯ ಕಡೆಗೆ ನಡೆದು ಊರಿನ ಪಾದ್ರಿಯೊಬ್ಬರನ್ನು ಸಂಪರ್ಕಿಸಿ, ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತನಾಡಬೇಕಾಗಿದೆ ಎಂದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂಬ ಷರತ್ತಿನ ಮೇಲೆ ಕೂತ ವೈದ್ಯರು ಎದ್ದದ್ದು ಗಂಟೆಗಳ ನಂತರ. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘಟನೆಯ ಜನ್ಮದಿನವೆಂದು ಎಣಿಸಲಾಗುತ್ತದೆ. ಶುಲ್ಕವಿಲ್ಲ, ಉಪದೇಶಕರಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು. 1957ರಲ್ಲಿ ಇದು ಭಾರತಕ್ಕೂ ಬಂತು.

ಅದೇ ಕಾಲಕ್ಕೆ ದಕ್ಷಿಣ ಕನ್ನಡದವರು ಕಾನೂನಿನ ದಾರಿಯನ್ನು ನೋಡುತ್ತಿದ್ದರು. ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದಾಗ, 1948ರ ಅಕ್ಟೋಬರ್ 2ರಂದು ಪಾನನಿಷೇಧ ಪ್ರಾಂತಕ್ಕೆಲ್ಲ ಅನ್ವಯವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1967ರಲ್ಲಿ ಆ ರಾಜ್ಯ ನಿಷೇಧವನ್ನೇ ಕೈಬಿಟ್ಟಿತು. ಸಾರಾಯಿ ಮತ್ತೆ ನಿಷೇಧವಾದದ್ದು 2007ರ ಜುಲೈ 1ರಂದು. ಅದಕ್ಕೂ ಬಹಳ ಮೊದಲೇ ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದ ನಾರಾಯಣ ಗುರುಗಳ ಮಾತು ಕರಾವಳಿಯಲ್ಲಿ ಮನೆಮಾತಾಗಿತ್ತು. ಆದರೂ ಕೊರಗಜ್ಜನ ಹರಕೆಗೆ ಕಳ್ಳು ಬೇಕು. ಕುಡಿತವನ್ನು ಬರೀ ಕೆಟ್ಟದ್ದೆಂದು ಇಲ್ಲಿ ಯಾರೂ ಸುಲಭವಾಗಿ ಹೇಳಲಾರರು.

ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ ಈ ಸಮಸ್ಯೆ ಎದುರಾದದ್ದು ಲೆಕ್ಕದ ಪುಸ್ತಕದಲ್ಲಿ. ಸಣ್ಣ ರೈತನ ಆದಾಯ ಹೆಚ್ಚಿದಂತೆ ಅದರ ಒಂದು ಪಾಲು ಗಡಂಗಿಗೆ ಸೇರುತ್ತಿತ್ತು. 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ಹುಟ್ಟಿತು. ಮದ್ಯವರ್ಜನ ಶಿಬಿರಗಳು ನಡೆದವು. ಚಿಕಿತ್ಸೆಯನ್ನು ಹಳ್ಳಿಗೇ ಒಯ್ಯುವ ಪ್ರಯೋಗವನ್ನು ಚೆನ್ನೈಯ ಟಿ.ಟಿ.ಕೆ. ಆಸ್ಪತ್ರೆ 1989ರಲ್ಲೇ ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಮಾಡಿತ್ತು.

ಶಿಬಿರ ಎಂಟು ದಿನದ್ದು. ದೇವಸ್ಥಾನದ ಸಭಾಭವನವೋ ಸಮುದಾಯ ಭವನವೋ ಅದರ ಜಾಗ. ಊರಿನವರೇ ವ್ಯವಸ್ಥಾಪನಾ ಸಮಿತಿ. ಜೋರಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಕಾಣಿಸಬಹುದು, ಜೀವಕ್ಕೂ ಅಪಾಯವಾಗಬಹುದು. ಆದ್ದರಿಂದ ಆರೋಗ್ಯ ಸಹಾಯಕರು ಜೊತೆಗಿರುತ್ತಾರೆ. ಸ್ಥಿತಿ ಗಂಭೀರವಿದ್ದವರಿಗೆ ಆಸ್ಪತ್ರೆಯೇ ಮೊದಲ ಮೆಟ್ಟಿಲಾಗಬೇಕು. ಯೋಗ, ಭಜನೆ, ಆಪ್ತಸಲಹೆ ಇರುತ್ತವೆ. ಮನೆಯವರನ್ನು ಕರೆಸುವ ದಿನವೂ ಒಂದಿದೆ. ಗಂಡ ಹೆಂಡತಿ ಎದುರುಬದುರು ಕೂರುವ ಆ ದಿನ ಹಲವರಿಗೆ ಔಷಧಕ್ಕಿಂತ ಕಹಿ.

ನಿಜವಾದ ಪರೀಕ್ಷೆ ಒಂಬತ್ತನೆಯ ದಿನದ್ದು. ಶಿಬಿರ ಮುಗಿಸಿದವನು ಇಳಿಯುವುದು ಅದೇ ಬಸ್‌ಸ್ಟ್ಯಾಂಡಿನಲ್ಲಿ, ಅದೇ ಸ್ನೇಹಿತರ ನಡುವೆ. ಅದಕ್ಕಾಗಿಯೇ 'ನವಜೀವನ ಸಮಿತಿ'. ಶಿಬಿರದಿಂದ ಬಂದವರು ಗೊತ್ತಾದ ದಿನ ಸೇರಿ, ಹೇಗಿದ್ದೇವೆ, ಎಲ್ಲಿ ಮನಸ್ಸು ಜಾರಿತು ಎಂದು ಹೇಳಿಕೊಳ್ಳುತ್ತಾರೆ. ನೂರು ದಿನ ತುಂಬಿದರೆ ಶತದಿನೋತ್ಸವ: ವೇದಿಕೆ, ಹೆಸರು ಕೂಗಿ ಗೌರವ. ಆಕ್ರನ್ನಿನ ಸಭೆ ಹೆಸರನ್ನು ಮರೆಮಾಡಿತು. ಬೆಳ್ತಂಗಡಿಯ ಸಭೆ ಹೆಸರು ಹಿಡಿದು ಕರೆಯಿತು. ಮರ್ಯಾದೆ ಹೋದದ್ದು ಊರ ಮುಂದೆ, ಮರಳಿ ಬರಬೇಕಾದದ್ದೂ ಅಲ್ಲೇ ಎಂಬುದು ಇದರ ತರ್ಕ.

ಇದಕ್ಕೆ ಬೆಲೆಯೂ ಇದೆ. ಶಾಲು ಹೊದಿಸಿಕೊಂಡವನು ಮತ್ತೆ ಕುಡಿದರೆ ಅದೂ ಊರಿಗೆ ತಿಳಿಯುತ್ತದೆ. ನಾಚಿಕೆಯಿಂದ ಆತ ಸಭೆಗೇ ಬಾರದಿರಬಹುದು. ಇನ್ನು ಕುಡಿಯುವ ಹೆಂಗಸು ಊರ ಮುಂದೆ ನಿಲ್ಲುವುದಂತೂ ದೂರದ ಮಾತು. ಇಂಥವರಿಗೆ ಹೆಸರು ಕೇಳದ ಕೊಠಡಿಯೇ ಲೇಸು. ಆದರೆ ಅಂಥ ಕೊಠಡಿಗಳು ಇರುವುದು ಹೆಚ್ಚಾಗಿ ಪಟ್ಟಣಗಳಲ್ಲಿ. ಚಾರ್ಮಾಡಿಯಿಂದ ಮಂಗಳೂರು ಹೆಚ್ಚುಕಡಿಮೆ 80 ಕಿ.ಮೀ.; ಕೂಲಿ ಬಿಟ್ಟು ಪ್ರತಿ ವಾರ ಹೋಗಿಬರುವುದು ಯಾರಿಗೆ ಸಾಧ್ಯ?

ಇಂಥ ಸಭೆಗಳಿಂದ ಪ್ರಯೋಜನ ಇದೆಯೇ ಎಂದು ಕೇಳುವವರಿಗೆ 2020ರಲ್ಲಿ ಬಂದ ಕೊಕ್ರೇನ್ ಪರಿಶೀಲನೆಯನ್ನು ತೋರಿಸಬಹುದು. 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿದ ತಜ್ಞರು, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಕಡೆಗೆ ಕ್ರಮವಾಗಿ ಒಯ್ಯುವ ಚಿಕಿತ್ಸೆಗಳು ಪೂರ್ತಿ ಕುಡಿತ ಬಿಡಿಸುವುದರಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮುಂದಿವೆ ಎಂದರು. ನವಜೀವನ ಸಮಿತಿಗಳು ಆ ಲೆಕ್ಕದಲ್ಲಿಲ್ಲ. ಆದರೆ ಎರಡೂ ಕಡೆ ನಡೆಯುವ ಮುಖ್ಯ ಕೆಲಸ ಒಂದೇ: ಮೊದಲು ಬಿಟ್ಟವನು ಈಗ ಬಿಡುತ್ತಿರುವವನ ಪಕ್ಕದಲ್ಲಿ ಕೂರುವುದು. ಚಾರ್ಮಾಡಿಯಂಥ ಊರಿನಲ್ಲಿ ಆ ಮೊದಲಿನವನು ಯಾರೆಂದು ಹುಡುಕಬೇಕಾಗಿಲ್ಲ. ಅವನ ಮನೆ ಯಾವುದೆಂದು ಎಲ್ಲರಿಗೂ ಗೊತ್ತು; ಕತ್ತಲಾದ ಮೇಲೆ ಹೋಗಿ ಬಾಗಿಲು ತಟ್ಟುವವರೂ ಇದ್ದಾರೆ.