ಕ್ರಾಮರ್ಟಿ ಮನೆತನದ ಜಮೀನು

ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿರುವ 1780ರ ಪೊಳ್ಳಿಲೂರು ಕಾಳಗವನ್ನು ನಾವು ಮೈಸೂರಿನ ಗೆಲುವಾಗಿ ನೋಡುತ್ತೇವೆ. ಅದು ಸರಿಯೇ. ಆದರೆ ಹೈದರ್ ಮತ್ತು ಟಿಪ್ಪು ಅಲ್ಲಿ ಬಗ್ಗುಬಡಿದ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ದಳದಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರ ಎರಡು ತುಕಡಿಗಳೂ ಇದ್ದವು. ಅವರನ್ನು ಅಷ್ಟು ದೂರ ತಂದದ್ದು ಕಂಪನಿಯ ಲಾಭದಾಸೆಯೊಂದೇ ಅಲ್ಲ, ಒಂದು ಮನೆತನ ಕಳೆದುಕೊಂಡಿದ್ದ ಜಮೀನು ಕೂಡ ಎಂಬುದು ನನ್ನ ವಾದ.

ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್ 1745ರಲ್ಲಿ ಬ್ರಿಟನ್ನಿನ ಗದ್ದುಗೆಗಾಗಿ ದಂಗೆಯೆದ್ದಾಗ ಕ್ರಾಮರ್ಟಿಯ ಮೂರನೆಯ ಅರ್ಲ್ ಜಾರ್ಜ್ ಮೆಕೆಂಜಿ, ಹದಿನೆಂಟರ ಮಗ ಜಾನ್‌ನನ್ನೂ ಕಟ್ಟಿಕೊಂಡು ಅವನ ಪಕ್ಷ ಸೇರಿದ. ದಂಗೆಯನ್ನು ಮುರಿದ ಕಲ್ಲೋಡನ್ ಯುದ್ಧದ ಹಿಂದಿನ ದಿನವೇ ಡನ್‌ರಾಬಿನ್ ಕೋಟೆಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಅರ್ಲ್ ಜೊತೆ ಮರಣದಂಡನೆಗೆ ಗುರಿಯಾದ ಕಿಲ್‌ಮಾರ್ನಕ್, ಬಾಲ್ಮೆರಿನೋ ಇಬ್ಬರ ತಲೆ ಉರುಳಿತು. ಅರ್ಲ್ ಬದುಕಿಕೊಂಡದ್ದಕ್ಕೆ ಬಸುರಿ ಹೆಂಡತಿ ಇಸಬೆಲ್ಲಾ ರಾಜನೆದುರು ಅಂಗಲಾಚಿದ್ದೂ ಕಾರಣ. ಪದವಿ, ಭೂಮಿ ಎರಡೂ ಹೋದವು. ಲಾರ್ಡ್ ಮೆಕ್‌ಲೌಡ್ ಎಂದು ಹೆಸರಾದ ಜಾನ್ ಸ್ವೀಡನ್ನಿನ ಸೇನೆಯಲ್ಲಿ ಬಾಳಿ, 1777ರಲ್ಲಿ ಊರಿಗೆ ಮರಳಿದ. ಅಮೆರಿಕದ ಯುದ್ಧದಿಂದಾಗಿ ಸರ್ಕಾರಕ್ಕೆ ಸೈನಿಕರ ಬರ ಬಂದಿತ್ತು. ಅವನು ರೆಜಿಮೆಂಟೊಂದನ್ನು ಕಟ್ಟಿಕೊಟ್ಟ. ಕೈಯಲ್ಲಿ ಗೇಣು ಜಾಗವಿಲ್ಲದವನ ಕರೆಗೆ ಸಾವಿರಕ್ಕೂ ಮಿಕ್ಕಿ ಜನ ಓಗೊಟ್ಟದ್ದು ಸಣ್ಣ ಮಾತಲ್ಲ. ಮೊದಲ ಪಡೆಯೊಂದಿಗೆ ಅವನು 1780ರ ಜನವರಿಯಲ್ಲಿ ಮದ್ರಾಸಿನಲ್ಲಿಳಿದ; ಪೊಳ್ಳಿಲೂರಿನ ಆ ಎರಡು ತುಕಡಿಗಳು ಈ ಪಡೆಯವೇ. ತಮ್ಮ ಜಾರ್ಜ್ ಎರಡನೆಯದನ್ನು ಜಿಬ್ರಾಲ್ಟರಿಗೆ ಒಯ್ದ.

ಮುಟ್ಟುಗೋಲಾಗಿದ್ದ ಹಲವು ಜಮೀನುಗಳನ್ನು 1784ರ ಕಾಯ್ದೆ ಒಟ್ಟಿಗೇ ಹಿಂದಿರುಗಿಸಿತು, ಹಾಗಾಗಿ ಮೆಕ್‌ಲೌಡ್‌ಗೆ ಭೂಮಿ ಮರಳಿದ್ದು ಸೇವೆಗೆ ಸಿಕ್ಕ ಸಂಬಳವಲ್ಲ ಎಂದು ಆಕ್ಷೇಪಿಸಬಹುದು. ಮಾತಿನಲ್ಲಿ ಹುರುಳಿದೆ. ಆದರೆ ಭೂಮಿ ಮರಳಿ ಪಡೆಯುವ ದಾರಿ ತೆರೆದದ್ದು ಯಾರು? ಇದೇ ದಂಗೆಗಾಗಿ ತಲೆ ಕಳೆದುಕೊಂಡ ಲಾರ್ಡ್ ಲೊವಾಟ್‌ನ ಮಗ ಸೈಮನ್ ಫ್ರೇಸರ್ 1757ರಲ್ಲಿ ರಾಜನಿಗಾಗಿ ರೆಜಿಮೆಂಟ್ ಕಟ್ಟಿದ. 1774ರಲ್ಲೇ, ಉಳಿದವರಿಗಿಂತ ಹತ್ತು ವರ್ಷ ಮೊದಲೇ, ಅವನಿಗೆ ಭೂಮಿ ಸಿಕ್ಕಿತು. ಮೆಕ್‌ಲೌಡ್ ಮರಳಿದ್ದು ಇದಾದ ಮೂರು ವರ್ಷಕ್ಕೆ. ಫ್ರೇಸರನ ಲೆಕ್ಕಾಚಾರ ಅವನಿಗೆ ತಿಳಿಯದಿದ್ದೀತೆ? ಸೇರಿದವರು ಒಡೆಯನ ಮೇಲಿನ ನಿಷ್ಠೆಗಿಂತ ಸಂಬಳಕ್ಕೇ ಬಂದಿರಬಹುದು, ಒಪ್ಪೋಣ. ಆಗಲೂ ಜಮೀನಿನ ಬಾಬ್ತು ಅವರ ಬೆನ್ನಿಗೇ ಬಿತ್ತು. ಪೊಳ್ಳಿಲೂರಿನಲ್ಲಿ ಆ ತುಕಡಿಗಳ ಮುಂದಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತು, 1784ರ ಮಂಗಳೂರು ಒಪ್ಪಂದದಿಂದ ಬಿಡುಗಡೆಯಾದ. ಮೇಲಧಿಕಾರದ ಜಗಳದಲ್ಲಿ ಬೇಸತ್ತ ಮೆಕ್‌ಲೌಡ್ ಅದಕ್ಕೂ ಮೊದಲೇ ಊರು ಸೇರಿದ್ದ. ಅವನ ಕೈಗೆ ಜಮೀನು ಬಂದದ್ದೂ 1784ರಲ್ಲೇ, ಅದೂ ಸುಮಾರು 19 ಸಾವಿರ ಪೌಂಡಿನ ಹೊರೆಯೊಂದಿಗೆ. ಐದು ವರ್ಷ ಅನುಭವಿಸಿ, 1789ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ದಾಯಾದಿಯ ಪಾಲಾಯಿತು. ಕ್ರಾಮರ್ಟಿ ಪದವಿ ಮಾತ್ರ 1861ರವರೆಗೆ ಕಾಯಬೇಕಾಯಿತು, ಆಗಲೂ ವಂಶದ ಹೆಣ್ಣುಮಗಳೊಬ್ಬಳಿಗೆ ಹೊಸದಾಗಿ ದಯಪಾಲಿಸಿದ್ದೇ ಹೊರತು ಹಳೆಯದನ್ನು ಮರಳಿಸಿದ್ದಲ್ಲ.